ಕನ್ನಡಕ ಹಾಕಿದ ಮೇಲೂ ಕಾಣದ ಕಣ್ಣು

ಕಾಸರಗೋಡಿನ ಬದಿಯಡ್ಕ ಕಡೆಯ ಒಂದು ಕ್ಲಿನಿಕ್ಕಿನಲ್ಲಿ ನಾನು ಆಪ್ಟೊಮೆಟ್ರಿಸ್ಟ್, ಅಂದರೆ ಕಣ್ಣು ಪರೀಕ್ಷಿಸಿ ಕನ್ನಡಕದ ನಂಬ್ರ ತೆಗೆಯುವುದು ನನ್ನ ಕೆಲಸ. ಒಂದು ಕಣ್ಣಿನಿಂದ ಸರಿಯಾಗಿ ನೋಡಲು ಮೆದುಳು ಕಲಿಯದೇ ಉಳಿದರೆ ಅದನ್ನು ಸೋಮಾರಿ ಕಣ್ಣು ಎನ್ನುತ್ತೇವೆ. ಇಂಥ ಮಕ್ಕಳು ತಾವಾಗಿ ದೂರು ಹೇಳಿಕೊಂಡು ಬರುವುದು ಅಪರೂಪ. ಒಂದು ಕಣ್ಣು ಚೆನ್ನಾಗಿ ಕಾಣುವಾಗ ಇನ್ನೊಂದರ ಕೊರತೆ ಮಗುವಿಗೇ ಗೊತ್ತಿರುವುದಿಲ್ಲ. ಶಾಲೆಯ ತಪಾಸಣೆಯಲ್ಲಿ ಒಳ್ಳೆಯ ಕಣ್ಣು ಮುಚ್ಚಿದಾಗಲೇ ಸಂಗತಿ ಹೊರಬೀಳುವುದು.

ಮುಚ್ಚುವ ಕೆಲಸವನ್ನು ಮಗುವಿನ ಅಂಗೈಗೆ ಬಿಡಬಾರದು. ಬೆರಳಿನ ಸಂದಿಯಿಂದ ಇಣುಕುವುದರಲ್ಲಿ ಎಲ್ಲರೂ ನಿಸ್ಸೀಮರು. ನಾನು ಅಂಟುಪಟ್ಟಿಯನ್ನೇ ಹಾಕುತ್ತೇನೆ. ಇಲ್ಲಿ ಒಬ್ಬನದು ಕನ್ನಡ ಮಾಧ್ಯಮ, ಮತ್ತೊಬ್ಬನದು ಮಲಯಾಳ, ಚಿಕ್ಕವರಿಗೆ ಕೆಲವೊಮ್ಮೆ ತುಳು ಮಾತ್ರ. ಹಾಗಾಗಿ ಇಂಗ್ಲಿಷಿನ ‘ಇ’ ನಾಲ್ಕು ದಿಕ್ಕಿಗೆ ತಿರುಗಿರುವ ಚಾರ್ಟೇ ಅನುಕೂಲ. ಕಾಲು ಯಾವ ಕಡೆಗಿದೆಯೆಂದು ಕೈಯಲ್ಲಿ ತೋರಿಸಿದರಾಯಿತು. ತೋರಿಸುವಾಗ ಪೂರ್ತಿ ಸಾಲನ್ನೇ ತೋರಿಸಬೇಕು. ಬಿಡಿ ಅಕ್ಷರವಾದರೆ ಸೋಮಾರಿ ಕಣ್ಣೂ ಪಾಸಾಗಿಬಿಡುತ್ತದೆ, ಒತ್ತೊತ್ತಾಗಿದ್ದರೆ ತಡವರಿಸುತ್ತದೆ.

ನಂಬ್ರ ತೆಗೆಯುವುದು ಡಾಕ್ಟರು ಕಣ್ಣಿನ ಫೋಕಸ್ ಸಡಿಲಿಸುವ ಡ್ರಾಪ್ಸ್ ಹಾಕಿಸಿದ ಮೇಲೆಯೇ. ಮಕ್ಕಳ ಕಣ್ಣು ಒಳಗಿಂದೊಳಗೇ ಫೋಕಸ್ ಹೊಂದಿಸಿಕೊಂಡು ಪ್ಲಸ್ ನಂಬ್ರವನ್ನು (ದೂರದೃಷ್ಟಿಯ ನಂಬ್ರ) ಅಡಗಿಸಿಡುತ್ತದೆ.

ಪೆರ್ಲ ಕಡೆಯಿಂದ ಬಂದ ಎರಡನೇ ಕ್ಲಾಸಿನ ಹುಡುಗಿಯೊಬ್ಬಳ ಬಲಗಣ್ಣು +1.00, ಎಡಗಣ್ಣು +4.50. ಎಡಗಣ್ಣಿನ ದೃಷ್ಟಿ 6/36, ಅಂದರೆ ಸರಿ ಕಣ್ಣು (6/6) 36 ಮೀಟರಿನಿಂದ ಓದುವುದನ್ನು ಈ ಕಣ್ಣು 6 ಮೀಟರಿನಿಂದ ಓದಬೇಕು. ಹೊಸ ಕನ್ನಡಕ ಹಾಕಿದ ದಿನ 6/24, ಅಷ್ಟೇ. ಒಂದೇ ವಾರದಲ್ಲಿ ಅಜ್ಜಿ ಹಾಜರು.

“ಎಂತ ಮಗಾ, ಇಷ್ಟು ದುಡ್ಡು ಕೊಟ್ಟು ಮಾಡಿಸಿದ್ದು, ಹಾಕಿದ್ರೂ ಎಡದ್ರಲ್ಲಿ ಕಾಣುದಿಲ್ಲ ಅಂತಾಳೆ. ನಂಬ್ರ ತಪ್ಪಿತಾ ಹೇಗೆ?”

“ನಂಬ್ರ ಸರಿ ಉಂಟು ಅಜ್ಜಿ. ಕಣ್ಣೊಳಗೆ ಚಿತ್ರ ಈಗ ಸರಿ ಬೀಳ್ತಾ ಉಂಟು. ಅದನ್ನು ನೋಡ್ಲಿಕ್ಕೆ ಮೆದುಳು ಕಲೀಬೇಕಲ್ಲ, ಅದಕ್ಕೆ ತಿಂಗಳುಗಟ್ಟಲೆ ಬೇಕು.”

ಈ ಮಾತನ್ನು ಕನ್ನಡಕ ಕೊಡುವ ದಿನವೇ ಮನೆಯವರಿಗೆ ಮನದಟ್ಟು ಮಾಡಿಸಬೇಕು. ಇಲ್ಲವಾದರೆ ಅವರು ಇನ್ನೊಂದು ಅಂಗಡಿ ಹತ್ತುತ್ತಾರೆ. ಅಲ್ಲಿ ಡ್ರಾಪ್ಸ್ ಇಲ್ಲದೆ ಮೆಶಿನ್ನಿನಲ್ಲಿ ನೋಡಿ, “ಎರಡು ಕಣ್ಣಿಗೂ ಇಷ್ಟು ವ್ಯತ್ಯಾಸ ಬೇಡ” ಎಂದು ಪ್ಲಸ್ ಇಳಿಸಿ ಕೊಟ್ಟರೆ ಚಿಕಿತ್ಸೆ ಅಲ್ಲಿಗೇ ಕೆಟ್ಟಿತು. ಎರಡು ಕಣ್ಣಿನ ನಂಬ್ರದ ಈ ಅಂತರವೇ ಅಲ್ಲವೇ ರೋಗದ ಮೂಲ?

ಅಜ್ಜಿಯನ್ನು ಕೂರಿಸಿ ಕೇಳಿದರೆ ಮತ್ತೊಂದು ವಿಷಯ ಸಿಕ್ಕಿತು. ಹುಡುಗಿ ಶಾಲೆಯಿಂದ ಬಂದ ಕೂಡಲೇ, ಒಡೆದುಹೋದೀತೆಂದು ಕನ್ನಡಕ ತೆಗೆಸಿ ಕಪಾಟಿನಲ್ಲಿಡುತ್ತಿದ್ದರಂತೆ! ಇದು ಹೆಚ್ಚುಕಡಿಮೆ ಎಲ್ಲ ಮನೆಗಳಲ್ಲೂ ಇದೆ. ಎದ್ದಾಗಿನಿಂದ ಮಲಗುವ ತನಕ ಹಾಕಬೇಕು. ಸ್ನಾನಕ್ಕೆ ತೆಗೆದರೆ ಸಾಕು. ಒಡೆಯುವ ಭಯಕ್ಕೆ ಪಾಲಿಕಾರ್ಬೊನೇಟ್ ಗ್ಲಾಸು ಕೊಡುತ್ತೇನೆ. ನಮ್ಮ ಸೆಕೆಗೆ ಫ್ರೇಮು ಬೆವರಿನಲ್ಲಿ ಮೂಗಿನಿಂದ ಜಾರುತ್ತದೆ, ಮಗು ಗ್ಲಾಸಿನ ಮೇಲಿಂದ ನೋಡತೊಡಗುತ್ತದೆ. ಹಾಗಾದರೆ ಹಾಕಿಯೂ ಹಾಕದ ಹಾಗೆಯೇ. ತಲೆಯ ಹಿಂದೆ ಇಲಾಸ್ಟಿಕ್ ಬೆಲ್ಟು ಕಟ್ಟಿಸಿದ್ದರಿಂದ ಇವಳಿಗೆ ಆ ತೊಂದರೆ ತಪ್ಪಿತು.

ಒಳ್ಳೆಯ ಕಣ್ಣಿಗೆ ಪಟ್ಟಿ ಕಟ್ಟಿ ಸೋಮಾರಿ ಕಣ್ಣನ್ನು ದುಡಿಸುವುದಕ್ಕೆ ಮೊದಲೇ ಅವಸರ ಬೇಡವೆಂಬುದು ನನ್ನ ಅಭಿಪ್ರಾಯ. ಅಮೆರಿಕದ ಪೀಡಿಯಾಟ್ರಿಕ್ ಐ ಡಿಸೀಸ್ ಇನ್ವೆಸ್ಟಿಗೇಟರ್ ಗ್ರೂಪ್ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಥದ್ದೇ ನಂಬ್ರದ ಅಂತರವಿದ್ದ 3ರಿಂದ 7 ವರ್ಷದೊಳಗಿನ 84 ಮಕ್ಕಳಿಗೆ ಕನ್ನಡಕ ಮಾತ್ರ ಕೊಟ್ಟಿದ್ದರು. ಶೇ. 77 ಮಕ್ಕಳು ಚಾರ್ಟಿನಲ್ಲಿ ಎರಡು ಸಾಲು ಅಥವಾ ಹೆಚ್ಚು ಸುಧಾರಿಸಿದರು, ಶೇ. 27 ಮಕ್ಕಳಿಗೆ ಪೂರ್ತಿ ಗುಣವಾಯಿತು.

ನಮ್ಮ ಹುಡುಗಿ ಕನ್ನಡಕದಲ್ಲೇ 6/12ರ ತನಕ ಬಂದಳು. ಮುಂದಿನ ತಪಾಸಣೆಯಲ್ಲೂ ಅಷ್ಟೇ ನಿಂತಾಗ ಡಾಕ್ಟರು ಬಲಗಣ್ಣಿಗೆ ದಿನಕ್ಕೆ 2 ಗಂಟೆ ಪಟ್ಟಿ ಬರೆದರು. ಪಟ್ಟಿ ಚರ್ಮಕ್ಕೇ ಅಂಟಬೇಕು, ಕನ್ನಡಕ ಅದರ ಮೇಲೆ. ಸಂಜೆ ಕಾಪಿ ಬರೆಯುವ ಹೊತ್ತಿಗೆ ಅಂಟಿಸಿ ಎಂದೆ.

ಈಗ 6/9. ಪಟ್ಟಿ ನಿಲ್ಲಿಸಿದರೂ ಕನ್ನಡಕ ಬಿಡುವಂತಿಲ್ಲ, ಮತ್ತೆ ಇಳಿಯುವ ಸಂಭವ ಇರುವುದರಿಂದ ತಪಾಸಣೆಯೂ ತಪ್ಪಬಾರದು. ಅವಳ ತಮ್ಮನಿಗೆ ನಾಲ್ಕು ವರ್ಷ. ಮುಂದಿನ ಸಲ ಅವನನ್ನೂ ಕರಕೊಂಡು ಬರಲು ಅಜ್ಜಿಗೆ ಹೇಳಿದ್ದೇನೆ.