ಹಸಿ ಊಟ: ಯಾವುದರ ಜೊತೆ ಯಾವುದು, ಎಷ್ಟು, ಯಾವಾಗ

ಜೋಳದ ರೊಟ್ಟಿಯ ಪಕ್ಕಕ್ಕೆ ಗುದ್ದಿದ ಉಳ್ಳಾಗಡ್ಡಿ, ಒಂದು ಹಿಡಿ ಹಸಿ ಮೆಂತೆ ಪಲ್ಯ (ಸೊಪ್ಪು), ನಾಲ್ಕು ಸೀಳು ಸವತಿಕಾಯಿ, ಮೇಲಿಷ್ಟು ಶೇಂಗಾ ಹಿಂಡಿ. ಕಲಬುರಗಿ, ಬೀದರ್, ಯಾದಗಿರಿ ಕಡೆಯವರಿಗೆ ಹಸಿ ತಿನ್ನುವುದು ಹೊಸದೇನಲ್ಲ. ಈಗ ಹೊಸದಾಗಿ ಬಂದಿರುವುದು ಎರಡು: ಇಡೀ ಊಟವನ್ನೇ ಹಸಿಯಾಗಿಸುವ ಹುರುಪು, ಮತ್ತು "ಇದರ ಜೊತೆ ಅದು ಕೂಡದು" ಎಂಬ ಉದ್ದನೆಯ ಪಟ್ಟಿ. ಹುರುಪು ಇರಲಿ. ಪಟ್ಟಿಯನ್ನು ಮಾತ್ರ ಜರಡಿ ಹಿಡಿಯಬೇಕು.

ಪಟ್ಟಿಯ ಬೇರು ಇರುವುದು ಅಮೆರಿಕದಲ್ಲಿ. 1930ರ ಆಸುಪಾಸಿನಲ್ಲಿ ವಿಲಿಯಂ ಹೇ ಎಂಬ ಡಾಕ್ಟರು ಇದನ್ನು ಜನರಲ್ಲಿ ಹರಡಿದರು. ಪಿಷ್ಟ ಕರಗಲು ಕ್ಷಾರ ಬೇಕು, ಪ್ರೋಟೀನು ಕರಗಲು ಆಮ್ಲ ಬೇಕು, ಎರಡನ್ನೂ ಒಟ್ಟಿಗೆ ತಿಂದರೆ ಎರಡೂ ಕರಗುವುದಿಲ್ಲ ಎಂಬುದು ವಾದ. ಕೇಳಲು ಸರಿ ಅನ್ನಿಸುತ್ತದೆ, ಆದರೆ ಹೊಟ್ಟೆ ಹಾಗೆ ಕೆಲಸ ಮಾಡುವುದಿಲ್ಲ. ಜಠರಕ್ಕೆ ಏನೇ ಬಿದ್ದರೂ ಅಲ್ಲಿ ಸುರಿಯುವುದು ಆಮ್ಲವೇ. ಅಲ್ಲಿಂದ ಸಣ್ಣ ಕರುಳಿಗೆ ಇಳಿದ ಮೇಲೆ ಮೇದೋಜೀರಕ ಗ್ರಂಥಿಯ ರಸ ಬಂದು ಕೂಡುತ್ತದೆ. ಪಿಷ್ಟ, ಪ್ರೋಟೀನು, ಕೊಬ್ಬು ಮೂರನ್ನೂ ಒಡೆಯುವ ಕಿಣ್ವಗಳು ಆ ಒಂದೇ ರಸದಲ್ಲಿವೆ. ಇನ್ನು ನಮ್ಮ ತೊಗರಿಯನ್ನೇ ನೋಡಿ: ನೂರು ಗ್ರಾಂ ಬೇಳೆಯಲ್ಲಿ ಸುಮಾರು 22 ಗ್ರಾಂ ಪ್ರೋಟೀನು, ಅದರ ಎರಡು ಪಟ್ಟಿಗೂ ಹೆಚ್ಚು ಪಿಷ್ಟ. ಇವೆರಡೂ ಕೂಡಬಾರದು ಅಂದರೆ ತೊಗರಿ ಕಾಳೇ ಹುಟ್ಟಬಾರದಿತ್ತು. 2000ರಲ್ಲಿ ಸ್ವಿಟ್ಜರ್ಲೆಂಡಿನ ಸಂಶೋಧಕರು 54 ಜನರನ್ನು ಎರಡು ಗುಂಪು ಮಾಡಿ, 6 ವಾರ ಸಮಾನ ಕ್ಯಾಲೊರಿ ಕೊಟ್ಟು ನೋಡಿದರು. ಬೇರೆ ಬೇರೆಯಾಗಿ ತಿಂದವರಿಗೂ ಕೂಡಿಸಿ ತಿಂದವರಿಗೂ ತೂಕ ಇಳಿದದ್ದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಹಸಿ ಆಹಾರದವರ ಇನ್ನೊಂದು ನಿಯಮ, ಸುಮಾರು 48 ಡಿಗ್ರಿ ಮೇಲೆ ಬಿಸಿಯಾದರೆ ಆಹಾರದ ಕಿಣ್ವ ಸಾಯುತ್ತದೆ ಎಂಬುದು. ಕಿಣ್ವ ಕೆಡುವುದು ನಿಜ, ಆದರೆ ಉಳಿದದ್ದೂ ಬಹುಪಾಲು ಜಠರದ ಆಮ್ಲದಲ್ಲಿ ಕೆಡುತ್ತದೆ. ಮೇ ತಿಂಗಳ ಮಧ್ಯಾಹ್ನ ನಮ್ಮ ಮಾಳಿಗೆಯ ಮೇಲಿಟ್ಟ ಸ್ಟೀಲ್ ತಟ್ಟೆಯೇ ಆ ಗೆರೆ ದಾಟಿರುತ್ತದೆ, ಹಾಗಾಗಿ ಥರ್ಮಾಮೀಟರ್ ಕೊಳ್ಳುವ ಖರ್ಚು ಬೇಡ.

ಹಾಗಂತ ಪಟ್ಟಿಯಲ್ಲಿರುವುದೆಲ್ಲ ಸುಳ್ಳಲ್ಲ. ಕೆಲವು ಮಾತು ಉಳಿಸಿಕೊಳ್ಳುವಂಥವು, ಕಾರಣ ಮಾತ್ರ ಬೇರೆ. ಕಲ್ಲಂಗಡಿಯನ್ನು ಬೇರೇನೂ ಕೂಡಿಸದೆ ತಿನ್ನಿ ಎನ್ನುತ್ತಾರೆ. ಊಟದ ಮೇಲೆ ತಿಂದರೆ ಅದು ಜಠರದಲ್ಲಿ ಕೊಳೆಯುವುದಿಲ್ಲ. ಅದರಲ್ಲಿ ಫ್ರಕ್ಟೋಸ್ ಸಕ್ಕರೆ ಹೆಚ್ಚು, ಅದನ್ನು ಪೂರ್ತಿ ಹೀರಿಕೊಳ್ಳದ ಕರುಳು ಹಲವರಿಗಿದೆ, ಉಳಿದದ್ದು ದೊಡ್ಡ ಕರುಳಿಗೆ ಹೋಗಿ ಗ್ಯಾಸ್ ಆಗುತ್ತದೆ. ಅದರ ಮೇಲೆ ತುಂಬಿದ ಹೊಟ್ಟೆಗೆ ಅರ್ಧ ಕಿಲೋ ಹಣ್ಣು ತುರುಕಿದರೆ ಉಬ್ಬದೆ ಇನ್ನೇನು? ಒಂದು ಸಲಕ್ಕೆ 200-250 ಗ್ರಾಂ, ಊಟಕ್ಕೆ ಒಂದು ತಾಸು ಮುಂಚೆ ಅಥವಾ ಸಂಜೆ ನಾಲ್ಕರ ಹೊತ್ತಿಗೆ. ಸೀತಾಫಲ, ಬಾಳೆ, ಪಪ್ಪಾಯಿಗೂ ಹೆಚ್ಚುಕಡಿಮೆ ಇದೇ ಅಳತೆ ಸಾಕು.

ಹಾಲಿನ ಜೊತೆ ಹುಳಿ ಹಣ್ಣು ಕೂಡಿದರೆ ಹಾಲು ಒಡೆಯುತ್ತದೆ ಎಂಬ ಹೆದರಿಕೆ ಬೇಡ, ಜಠರದ ಆಮ್ಲ ಬರಿ ಹಾಲನ್ನೂ ಒಡೆದೇ ಜೀರ್ಣಿಸುತ್ತದೆ. ಹಾಲಿಗೆ ಹೊಟ್ಟೆ ಉಬ್ಬುವವರು ಮೊಸರಿಗೆ ಬದಲಾಯಿಸಿದರೆ ಸಾಕು. ಆದರೆ ಹಸಿ ಊಟ ಅಂದುಕೊಂಡು ಕಾಯಿಸದ ಹಾಲು ಕುಡಿಯಬೇಡಿ. ದನಗಳಿಂದ ಬ್ರುಸೆಲ್ಲೋಸಿಸ್ ಜ್ವರ ಬರುವ ದಾರಿ ಅದು.

ಕೂಡಿಸಲೇಬೇಕಾದ ಜೋಡಿಗಳೂ ಇವೆ. ಗಜ್ಜರಿ ಮತ್ತು ಸೊಪ್ಪಿನ ಕ್ಯಾರೊಟಿನ್ (ಮೈಯಲ್ಲಿ ವಿಟಮಿನ್ ಎ ಆಗುವ ವಸ್ತು) ಮೈಗೆ ಹತ್ತಲು ಸ್ವಲ್ಪ ಎಣ್ಣೆಯ ಅಂಶ ಬೇಕು: ಒಂದು ಚಮಚ ಶೇಂಗಾ ಅಥವಾ ಗುರೆಳ್ಳು ಪುಡಿ. ಸೊಪ್ಪಿನ, ಕಾಳಿನ ಕಬ್ಬಿಣಕ್ಕೆ ಲಿಂಬಿಹಣ್ಣಿನ ರಸ. ಚಹಾ ಇದಕ್ಕೆ ಅಡ್ಡಗಾಲು, ಊಟದಿಂದ ಒಂದು ತಾಸು ದೂರ ಇಡಿ.

ಪಚಡಿ, ಒಬ್ಬರಿಗೆ

ಹಸಿ ಊಟವನ್ನು ಇಲ್ಲಿಂದ ಶುರು ಮಾಡುವುದು ಜಾಣತನ. ಒಂದು ಸವತಿಕಾಯಿ (150 ಗ್ರಾಂ), ಒಂದು ಸಣ್ಣ ಗಜ್ಜರಿ (60 ಗ್ರಾಂ), ಒಂದು ಹಿಡಿ ಮೆಂತೆ ಪಲ್ಯ, ಎರಡು ಚಮಚ ಮೊಳಕೆ ಹೆಸರು, ಕಾಲು ಉಳ್ಳಾಗಡ್ಡಿ, ಒಂದು ಚಮಚ ಶೇಂಗಾ ಪುಡಿ, ಅರ್ಧ ಲಿಂಬಿ. ಸವತಿಕಾಯಿಯ ತುದಿ ಕೊಯ್ದು ಮೊದಲು ನಾಲಿಗೆಗೆ ಹಚ್ಚಿ ನೋಡಿ. ಕಹಿ ಇದ್ದರೆ ಇಡೀ ಕಾಯಿ ಬಿಸಾಡಿ. ಸೋರೆಕಾಯಿ ರಸ ಕುಡಿಯುವವರಿಗೆ ಈ ಮಾತು ಜೀವದ ಮಾತು: ಕಹಿ ಸೋರೆಯಲ್ಲಿರುವ ಕುಕರ್ಬಿಟಾಸಿನ್ ಎಂಬ ವಿಷ ವಾಂತಿ, ರಕ್ತಭೇದಿ ತರಿಸುತ್ತದೆ, ನಮ್ಮ ದೇಶದಲ್ಲಿ ಸಾವೂ ಆಗಿವೆ. ಔಷಧಿ ಕಹಿ ಇರಬೇಕು ಅಂದುಕೊಂಡು ಮೂಗು ಮುಚ್ಚಿ ಕುಡಿದವರೇ ಸಿಕ್ಕಿಬೀಳುವುದು.

ಉಪ್ಪನ್ನು ತಿನ್ನುವ ಹೊತ್ತಿಗೇ ಹಾಕಿ. ಹತ್ತು ನಿಮಿಷ ಮುಂಚೆ ಹಾಕಿದರೆ ಸವತಿಕಾಯಿ ನೀರು ಬಿಟ್ಟು ಪಚಡಿ ಸಾರಾಗುತ್ತದೆ. ಪಚಡಿ ಮೊದಲು, ರೊಟ್ಟಿ ಆಮೇಲೆ: ಈ ಕ್ರಮದಲ್ಲಿ ತಿಂದರೆ ರಕ್ತದ ಸಕ್ಕರೆ ನಿಧಾನ ಏರುತ್ತದೆ.

ಮೊದಲ ವಾರ ಇದರ ಮೂರರಲ್ಲಿ ಒಂದು ಪಾಲು, ದಿನಕ್ಕೆ ಒಂದೇ ಹೊತ್ತು. ಎರಡನೇ ವಾರ ಎರಡು ಪಾಲು, ಮೂರನೇ ವಾರ ಪೂರ್ತಿ. ನಾರು ಒಡೆಯುವ ಸೂಕ್ಷ್ಮಜೀವಿಗಳು ದೊಡ್ಡ ಕರುಳಿನಲ್ಲಿ ಹೊಂದಿಕೊಳ್ಳಲು ದಿನ ಹಿಡಿಯುತ್ತದೆ. ಸೋಮವಾರ ಶುರು ಮಾಡಿ ಬುಧವಾರ ಬಿಟ್ಟವರು ಸಾಮಾನ್ಯವಾಗಿ ಮೊದಲ ದಿನವೇ ದೊಡ್ಡ ಬೋಗುಣಿ ತಿಂದವರು. ಪ್ರತಿ ತುತ್ತನ್ನು 20-30 ಸಲ ಅಗಿಯಿರಿ. ಬೇಯಿಸುವ ಒಲೆ ಮಾಡುತ್ತಿದ್ದ ಕೆಲಸ ಈಗ ಹಲ್ಲಿನದು.

ಮೊಳಕೆ ಕಟ್ಟುವುದು, ನಮ್ಮ ಬಿಸಿಲಿನಲ್ಲಿ

100 ಗ್ರಾಂ ಹೆಸರು ಅಥವಾ ಮಡಕಿ ಕಾಳು ತೊಳೆದು, ಮೂರು ಪಟ್ಟು ನೀರಲ್ಲಿ ನೆನೆಹಾಕಿ. ಚಳಿಗಾಲದ ಬೀದರಿನಲ್ಲಿ 8-10 ತಾಸು ಬೇಕು, ಏಪ್ರಿಲ್-ಮೇದಲ್ಲಿ 5-6 ತಾಸಿಗೆ ಸಾಕು, ನಡುವೆ ಒಮ್ಮೆ ನೀರು ಬದಲಿಸಿ. ಬಸಿಯುವುದರಲ್ಲೇ ಎಲ್ಲ ಇದೆ: ಜಾಳಿಗೆಯಲ್ಲಿ ಕಾಲು ತಾಸು ಬಿಟ್ಟು, ನೀರು ತೊಟ್ಟಿಕ್ಕುವುದು ನಿಂತ ಮೇಲೆ ತೆಳ್ಳನೆಯ ಹತ್ತಿ ಬಟ್ಟೆಯಲ್ಲಿ ಸಡಿಲ ಗಂಟು ಕಟ್ಟಿ ನೆರಳಲ್ಲಿ ತೂಗುಹಾಕಿ. ಡಬ್ಬಿಯಲ್ಲಿ ಮುಚ್ಚಿಟ್ಟರೆ ತಳದ ಕಾಳು ನೀರಲ್ಲಿ ಕುಳಿತು ಲೋಳೆಯಾಗುತ್ತದೆ. ಬೇಸಿಗೆಯಲ್ಲಿ 5-6 ತಾಸಿಗೊಮ್ಮೆ ಗಂಟು ಬಿಚ್ಚಿ ತಣ್ಣೀರಲ್ಲಿ ಜಾಲಿಸಿ ಮತ್ತೆ ಬಸಿಯಿರಿ. ಬಾಲ ಕಾಳಿನಷ್ಟೇ ಉದ್ದ ಬಂದಾಗ ತಿನ್ನಲು ಹದ. ಊದಿಕೊಳ್ಳದ ಕಲ್ಲುಕಾಳು ಆರಿಸಿ ತೆಗೆಯಿರಿ, ಹಲ್ಲು ಉಳಿಯುತ್ತದೆ. ಹುಳಿ ವಾಸನೆ ಬಂದರೆ ತೊಳೆದು ಉಳಿಸುವ ಆಸೆ ಬೇಡ. ಮೊಳಕೆಯ ಬಿಸಿ ಮತ್ತು ತೇವ ರೋಗಾಣುಗಳಿಗೂ ಹಿತವೇ, ಆದ್ದರಿಂದ ಬಸುರಿಯರು, ಸಣ್ಣ ಮಕ್ಕಳು, ವಯಸ್ಸಾದವರು ಚೆನ್ನಾಗಿ ಬೇಯಿಸಿಯೇ ತಿನ್ನಬೇಕು.

ಎಲ್ಲಾ ಕಾಳೂ ಹೀಗೆ ಹಸಿ ತಿನ್ನುವಂಥವಲ್ಲ. ರಾಜ್ಮಾ ನೆನೆದರೂ ಮೊಳೆತರೂ ಅದರಲ್ಲಿರುವ ಲೆಕ್ಟಿನ್ ಎಂಬ ಪ್ರೋಟೀನು ವಾಂತಿ ತರಿಸುತ್ತದೆ, ಕುದಿಸಲೇಬೇಕು. ಅವರೆ, ಅಲಸಂದಿ, ಒಣ ತೊಗರಿಯೂ ಬೇಯಿಸಿದರೇ ಚಂದ. ಕಡಲೆ ಮೊಳಕೆ ಹಸಿ ತಿನ್ನುವವರಿದ್ದಾರೆ, ಆದರೆ ಗ್ಯಾಸಿನ ದೂರು ಹೆಚ್ಚು ಅದರಿಂದಲೇ.

ಎಲ್ಲಕ್ಕಿಂತ ಮುಖ್ಯ: ಜೋಳದ ಮೊಳಕೆ ಬೇಡ. ಗೋಧಿ ಮೊಳಕೆ ತಿಂದವರನ್ನು ನೋಡಿ, ಮನೆ ತುಂಬ ಜೋಳ ಇದೆಯಲ್ಲ ಅಂತ ಯೋಚನೆ ಬರುವುದು ಸಹಜ. ಎಳೆ ಜೋಳದ ಪೈರಿಗೆ ದನ ಬಿಟ್ಟರೆ ವಿಷವೇರಿ ಸಾಯಬಹುದೆಂದು ಇಲ್ಲಿನ ಒಕ್ಕಲಿಗರಿಗೆ ಗೊತ್ತು. ಕಾರಣ ಧುರ್ರಿನ್ ಎಂಬ ವಸ್ತು, ಅದು ಒಡೆದರೆ ಸಯನೈಡ್ ಬಿಡುತ್ತದೆ. ಮೊಳೆತ ಜೋಳದಲ್ಲೂ ಅದೇ ಇದೆ. ಒಣ ಕಾಳಿನ ಹಿಟ್ಟಿನ ರೊಟ್ಟಿಗೆ ಈ ಚಿಂತೆ ಇಲ್ಲ.

ಮೂತ್ರಪಿಂಡದ ಕಲ್ಲಾದವರು ಪಾಲಕ್ ರಸದಿಂದ ದೂರ ಇರಿ. ಅದರಲ್ಲಿ ಕಲ್ಲು ಕಟ್ಟಿಸುವ ಆಕ್ಸಲೇಟ್ ಬಹಳ, ನಮ್ಮ ಬಿಸಿಲಿಗೆ ಮೂತ್ರ ಮೊದಲೇ ಗಟ್ಟಿ. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಮಾತ್ರೆ ನುಂಗುವವರು ಸೊಪ್ಪು ಏಕಾಏಕಿ ಹೆಚ್ಚಿಸಬಾರದು, ಇನ್ಸುಲಿನ್ ತೆಗೆದುಕೊಳ್ಳುವವರು ರೊಟ್ಟಿ ಬಿಡುವ ಮೊದಲು ಡೋಸ್ ಬಗ್ಗೆ ಡಾಕ್ಟರಲ್ಲಿ ಕೇಳಬೇಕು. ಹಾಲು ಮೊಸರೂ ಬಿಟ್ಟು ತಿಂಗಳುಗಟ್ಟಲೆ ಹಸಿ ತಿನ್ನುವವರಿಗೆ ಬಿ12 ಮಾತ್ರೆ ಬೇಕೇ ಬೇಕು.

ಸೊಪ್ಪು ತೊಳೆಯುವಾಗ ಅಗಲ ಬೋಗುಣಿಯ ನೀರಲ್ಲಿ ಮುಳುಗಿಸಿ ಅಲ್ಲಾಡಿಸಿ, ಸೊಪ್ಪನ್ನು ಮೇಲೆತ್ತಿ, ಆಮೇಲೆ ನೀರು ಚೆಲ್ಲಿ. ನೀರನ್ನೇ ಬಗ್ಗಿಸಿದರೆ ತಳದ ಮಣ್ಣು ಮತ್ತೆ ಸೊಪ್ಪಿಗೆ ಹತ್ತುತ್ತದೆ. ಮೂರು ಸಲ ಹೀಗೆ, ಕೊನೆಗೆ ನಳದ ಕೆಳಗೆ. ಉಪ್ಪುನೀರು ಹುಳದ ಮೊಟ್ಟೆ ಕೊಲ್ಲುವುದಿಲ್ಲ. ಹರಿಯುವ ನೀರಲ್ಲಿ ಉಜ್ಜುವುದೇ ಕೆಲಸ ಮಾಡುತ್ತದೆ. ಹೆಚ್ಚುವ ಮೊದಲು ತೊಳೆಯಿರಿ. ಚರಂಡಿ ನೀರಿಗೆ ಬೆಳೆದದ್ದೆಂಬ ಅನುಮಾನವಿದ್ದರೆ ಆ ಪಲ್ಯ ಬೇಯಿಸಿ.

ಹೊಟ್ಟೆ ತಕರಾರು ಮಾಡಿದಾಗ ಗಡಿಯಾರ ನೋಡಿ. ತಿಂದ ಅರ್ಧ ತಾಸಿಗೇ ಬಿಗಿತ ಅಂದರೆ ಗಡಿಬಿಡಿಯಲ್ಲಿ ನುಂಗಿದ್ದು ಅಥವಾ ಅಳತೆ ಮೀರಿದ್ದು. ಆರೇಳು ತಾಸಿನ ಮೇಲೆ ಗ್ಯಾಸ್ ಅಂದರೆ ದೊಡ್ಡ ಕರುಳಿನ ಕೆಲಸ, ಮೊದಲ ಅನುಮಾನ ಹಸಿ ಉಳ್ಳಾಗಡ್ಡಿಯ ಮೇಲೆ. ಮೂರು ದಿನ ಅದೊಂದನ್ನೇ ಬಿಟ್ಟು ನೋಡಿ, ಬೇರೇನೂ ಬದಲಿಸಬೇಡಿ. ಕಡಿಮೆಯಾಗದಿದ್ದರೆ ಉಳ್ಳಾಗಡ್ಡಿ ಮರಳಿ ತಂದು ಮೊಳಕೆ ಬಿಡಿ. ಮಲಬದ್ಧತೆ ಆದರೆ ಹೆಚ್ಚಾಗಿ ನೀರು ಸಾಲದು ಎಂದು ಅರ್ಥ. ಮಲದಲ್ಲಿ ಗಜ್ಜರಿ ಚೂರು ಕಂಡರೆ ಅಗಿದದ್ದು ಸಾಲದು, ಅಷ್ಟೇ.

ದಿನಕ್ಕೆ ಮೂರಕ್ಕಿಂತ ಹೆಚ್ಚು ಸಲ ನೀರಾಗಿ ಹೋದರೆ ಅದನ್ನು "ಮೈಯ ವಿಷ ಹೊರಬೀಳ್ತಿದೆ" ಅಂತ ಸಮಾಧಾನ ಮಾಡಿಕೊಳ್ಳಬೇಡಿ, ಅದು ಸೋಂಕು ಆಗಿರಬಹುದು. ಹಸಿ ಊಟ ಅಲ್ಲಿಗೇ ನಿಲ್ಲಿಸಿ, ಒಂದು ಲೀಟರಿನ ಓಆರ್‌ಎಸ್ ಪೊಟ್ಟಣವನ್ನು ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಕಲಸಿ ಗುಟುಕು ಗುಟುಕಾಗಿ ಕುಡಿಯಿರಿ, ಮೆತ್ತನೆ ಅನ್ನ ಮಜ್ಜಿಗೆಗೆ ಬನ್ನಿ. ಜ್ವರ ಅಥವಾ ರಕ್ತ ಕಂಡರೆ ಅದೇ ದಿನ ದವಾಖಾನೆಗೆ ಹೋಗಿ.