ಕರಾವಳಿ, ಮಲೆನಾಡಿನ ಟೂರಿಗೆ ಯಾವ ಕಲರ್ ರೀಲು?

ಅಪ್ಪನ ಹಳೇ ಕ್ಯಾಮೆರಾ ಅಟ್ಟದಿಂದ ಇಳಿಸಿ, ಧೂಳು ಒರೆಸಿ, ರೀಲು ಹಾಕಿಕೊಂಡು ಹಂಪಿಗೋ ಆಗುಂಬೆಗೋ ಹೊರಡುವವರು ಈಚೆಗೆ ಜಾಸ್ತಿ ಆಗಿದ್ದಾರೆ. ನನಗಂತೂ ಖುಷಿ. ಆದರೆ ಊರಿಗೆ ವಾಪಸ್ ಬಂದು ಫೋಟೊ ತೋರಿಸುವಾಗ ಬಹುತೇಕರ ದೂರು ಒಂದೇ: "ಅಷ್ಟು ಬಿಸಿಲಿತ್ತು, ಆದರೂ ಮುಖ ಎಲ್ಲ ಕಪ್ಪಾಗಿ ಬಂದಿದೆ." ಬಿಸಿಲಿದ್ದಿದ್ದಕ್ಕೇ ಕಪ್ಪಾಗಿದ್ದು ಸ್ವಾಮಿ!

1. ಮೊದಲು ನೆರಳನ್ನು ಅಳೆಯಿರಿ

ಎಲ್ಲರೂ ಎಡವುವುದು ಇಲ್ಲೇ. "ನಮ್ಮದು ಬಿಸಿಲ ನಾಡು, 50 ಅಥವಾ 100 ಐಎಸ್‌ಒ ರೀಲು ಧಾರಾಳ ಸಾಕು" ಅಂತ ಹೊರಡುತ್ತಾರೆ. (ಐಎಸ್‌ಒ ಅಂದರೆ ಫಿಲ್ಮಿಗೆ ಎಷ್ಟು ಬೆಳಕು ಬೇಕು ಅನ್ನುವ ಅಂಕಿ; ಅಂಕಿ ದೊಡ್ಡದಾದಷ್ಟೂ ಕಡಿಮೆ ಬೆಳಕು ಸಾಕು.) ಬಿಸಿಲಿಗೆ ಸಾಕು, ನಿಜ. ಆದರೆ ನೀವು ತೆಗೆಯುವ ಚಿತ್ರದಲ್ಲಿ ಅರ್ಧ ನೆರಳಿರುತ್ತೆ, ಅಲ್ವಾ?

ಕರ್ನಾಟಕ ಪೂರ್ತಿ ಕರ್ಕಾಟಕ ವೃತ್ತದಿಂದ ಕೆಳಗಿದೆ. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಗೆ ಒಮ್ಮೆ, ಆಗಸ್ಟ್‌ನಲ್ಲಿ ಇನ್ನೊಮ್ಮೆ, ನಡುಮಧ್ಯಾಹ್ನ ಕೋಲು ನೆಟ್ಟರೆ ಅದರ ನೆರಳೇ ಬೀಳುವುದಿಲ್ಲ. ಸೂರ್ಯ ಹೀಗೆ ನೆತ್ತಿಯ ಮೇಲೆ ಕೂತಾಗ ಹಣೆ, ಮೂಗು ಹೊಳೆಯುತ್ತವೆ. ಹುಬ್ಬಿನ ಕೆಳಗಿನ ಕಣ್ಣು ಬರೀ ಗುಳಿ. ತಲೆಗೆ ಟೋಪಿ ಇದ್ದರೆ ಮುಖವೇ ಮಾಯ.

ಹಂಪಿಗೆ ಹೋದಾಗ ಒಂದು ಪರೀಕ್ಷೆ ಮಾಡಿ ನೋಡಿ. ವಿಠ್ಠಲ ದೇವಸ್ಥಾನದ ಅಂಗಳದಲ್ಲಿ ಮಧ್ಯಾಹ್ನ ನಿಂತು ಬಿಸಿಲಲ್ಲಿರುವ ಕಲ್ಲಿಗೆ ಬೆಳಕು ಅಳೆಯುವ ಮೀಟರ್ ಹಿಡಿಯಿರಿ. 100 ಐಎಸ್‌ಒಗೆ ಹೆಚ್ಚುಕಡಿಮೆ 1/125 ಸೆಕೆಂಡು, ಎಫ್ 16 ಅನ್ನುತ್ತೆ (ಎಫ್ ಅಂದರೆ ಲೆನ್ಸಿನ ಕಿಂಡಿಯ ಅಳತೆ; ಅಂಕಿ ಇಳಿದಷ್ಟೂ ಕಿಂಡಿ ದೊಡ್ಡದು). ಈಗ ಮಂಟಪದೊಳಗೆ ನಾಲ್ಕು ಹೆಜ್ಜೆ ಹೋಗಿ ಕಂಬಕ್ಕೆ ಹಿಡಿಯಿರಿ. ಅದೇ 1/125ಕ್ಕೆ ಎಫ್ 2.8ರ ಆಸುಪಾಸಿಗೆ ಬಂದು ನಿಂತಿರುತ್ತೆ. ಐದು ಸ್ಟಾಪ್ ವ್ಯತ್ಯಾಸ; ಒಂದೊಂದು ಸ್ಟಾಪ್ ಇಳಿದಾಗಲೂ ಬೆಳಕು ಅರ್ಧವಾಗುತ್ತೆ. ಅಂದರೆ ನಾಲ್ಕು ಹೆಜ್ಜೆಯಲ್ಲಿ ಬೆಳಕು 32ರಲ್ಲಿ ಒಂದು ಪಾಲಿಗೆ ಇಳಿದಿದೆ.

ಸ್ಲೈಡ್ ಫಿಲ್ಮ್ (ತೊಳೆದರೆ ನೇರವಾಗಿ ಬಣ್ಣದ ಚಿತ್ರವೇ ಬರುವ ರೀಲು) ಹಿಡಿಯುವುದೇ, ಬಿಳಿಯಿಂದ ಕಪ್ಪಿನವರೆಗೆ, ಸುಮಾರು ಐದು ಸ್ಟಾಪ್. ಕಂಬದ ಕೆತ್ತನೆಯ ಸಂದಿಗೊಂದಿಗಳಿಗೆ ಅದರಲ್ಲಿ ಜಾಗವೇ ಉಳಿಯಲ್ಲ. ಅರ್ಧ ಸ್ಟಾಪ್ ತಪ್ಪಿದರೂ ಕಣ್ಣಿಗೆ ಹೊಡೆಯುತ್ತದೆ. ಕಲರ್ ನೆಗೆಟಿವ್ (ಬಣ್ಣ ತಿರುಗುಮುರುಗಾಗಿ ಬರುವ ಮಾಮೂಲಿ ರೀಲು) ಹಾಗಲ್ಲ. ಬೆಳಕು ಎರಡು ಮೂರು ಸ್ಟಾಪ್ ಜಾಸ್ತಿ ಬಿದ್ದರೂ ನುಂಗಿಕೊಂಡು ಸುಮ್ಮನಿರುತ್ತದೆ. ಕಡಿಮೆ ಬಿದ್ದರೆ ಮಾತ್ರ ಕ್ಷಮಿಸುವುದಿಲ್ಲ. ನೆರಳೆಲ್ಲ ಕೆಸರುಗಪ್ಪು, ಮೇಲೆ ರವೆ ಚೆಲ್ಲಿದ ಹಾಗೆ ಗ್ರೇನ್.

ಆದ್ದರಿಂದ ನೆಗೆಟಿವ್ ಫಿಲ್ಮ್ ಕೊಳ್ಳಿ, ನೆರಳಿಗೆ ಮೀಟರ್ ಹಿಡಿಯಿರಿ. ಇನ್ನೂ ಸುಲಭ ಬೇಕೆಂದರೆ 400ರ ರೀಲು ಹಾಕಿ ಕ್ಯಾಮೆರಾದ ಐಎಸ್‌ಒ ಡಯಲ್ ಅನ್ನು 200ಕ್ಕೆ ತಿರುಗಿಸಿಬಿಡಿ, ಒಂದು ಸ್ಟಾಪ್ ಬೆಳಕು ಜಾಸ್ತಿ ಬೀಳುತ್ತೆ. ಲ್ಯಾಬಿನವರಿಗೆ ಇದನ್ನು ಹೇಳಲು ಹೋಗಬೇಡಿ. ಹೇಳಿದರೆ ತೊಳೆಯುವ ಸಮಯ ಕಡಿಮೆ ಮಾಡಿ, ನೀವು ಕೂಡಿಟ್ಟಿದ್ದನ್ನು ಅವರು ಕಳೆಯುತ್ತಾರೆ. ಮಾಮೂಲಿಯಾಗಿ ತೊಳೆದರೆ ಸಾಕು.

ಇನ್ನು ಮಳೆಗಾಲದ ಮಲೆನಾಡು. ಜುಲೈ ತಿಂಗಳ ಆಗುಂಬೆ ಕಾಡಿನಲ್ಲಿ, ದಟ್ಟ ಮರಗಳ ಕೆಳಗೆ, 400ರ ರೀಲಿಗೆ ಎಫ್ 2.8 ಇಟ್ಟರೂ ಒಮ್ಮೊಮ್ಮೆ 1/30 ಸೆಕೆಂಡು ಬೇಕಾಗುತ್ತದೆ. 100ರ ರೀಲಾದರೆ 1/8. ಕೊಡೆ ಕಂಕುಳಲ್ಲಿ, ಕಾಲಿಗೆ ಜಿಗಣೆ, 1/8ರಲ್ಲಿ ಯಾರ ಕೈ ನಿಂತೀತು? ಒದ್ದೆ ಎಲೆಯ ಬಿಳಿ ಹೊಳಪು ತೆಗೆಯಲು ಪೋಲರೈಸರ್ ಎಂಬ ಫಿಲ್ಟರ್ ಬೇಕೇ ಬೇಕು. ಅದು ಇನ್ನೂ ಒಂದೂವರೆ ಸ್ಟಾಪ್ ತಿನ್ನುತ್ತೆ. ಇಲ್ಲಿ ಡಯಲ್ ಇಳಿಸುವ ಐಷಾರಾಮ ಇಲ್ಲ. 400ಕ್ಕಿಂತ ಕೆಳಗಿನದನ್ನು ಘಾಟಿ ಹತ್ತಿಸಲೇಬೇಡಿ.

2. ಯಾವ ರೀಲು?

ಜನರ ಚಿತ್ರಕ್ಕೆ ಕೋಡಕ್ ಪೋರ್ಟ್ರಾ 400. ದುಬಾರಿ, ಒಪ್ಪಿದೆ. ಆದರೆ ನಮ್ಮ ಗೋಧಿ ಬಣ್ಣ, ಕಪ್ಪು ಮೈಬಣ್ಣಗಳನ್ನು ಅದರಷ್ಟು ಮರ್ಯಾದೆಯಿಂದ ತೋರಿಸುವ ಕಲರ್ ಫಿಲ್ಮ್ ನಾನು ಬೇರೆ ಕಂಡಿಲ್ಲ. ಅಷ್ಟು ಖರ್ಚು ಬೇಡವೆಂದರೆ ಅಲ್ಟ್ರಾಮ್ಯಾಕ್ಸ್ 400. ಗ್ರೇನ್ ಸ್ವಲ್ಪ ಜಾಸ್ತಿ, ಅಷ್ಟೇ. ಬಿಸಿಲಿರುವ ಕರಾವಳಿಗೆ ಗೋಲ್ಡ್ 200 ಹಾಕಿ. ಅದರ ಹಳದಿ ಛಾಯೆ ಕೆಂಪುಕಲ್ಲಿನ ಗೋಡೆಗೆ, ಹೆಂಚಿನ ಮನೆಗೆ ಹೇಳಿ ಮಾಡಿಸಿದ ಹಾಗಿರುತ್ತದೆ.

ಎಕ್ಟಾರ್ 100 ಮೀನುಗಾರಿಕೆ ದೋಣಿಗಳ ಬಣ್ಣಕ್ಕೆ ಚೆಂದ. ಮುಖಕ್ಕೆ ಹಿಡಿದರೆ ಮಾತ್ರ ಟೊಮೆಟೊ. ನೆರಳಲ್ಲಿ ಅದಕ್ಕೆ ನೀಲಿ ಬೇರೆ ಹತ್ತುತ್ತೆ. ಫ್ಯೂಜಿಯ ವೆಲ್ವಿಯಾ 50 ಸ್ಲೈಡ್ ಬೇಕೇ ಬೇಕು ಅನ್ನುವವರು ಟ್ರೈಪಾಡ್ ಹೊತ್ತು ಮುಂಜಾನೆ ಆರೂವರೆಗೆ ಏಳಲಿ. ಒಂಬತ್ತರ ಮೇಲೆ ಅದನ್ನು ಬ್ಯಾಗಿನಿಂದ ತೆಗೆಯಬಾರದು.

ಒಂದು ವಾರಕ್ಕೆ ನನ್ನ ಲೆಕ್ಕ: 400ರ ನೆಗೆಟಿವ್ ಐದು, ಗೋಲ್ಡ್ ಎರಡು, ಮುಗೀತು. ಐದು ಬಗೆಯ ರೀಲು ಒಯ್ದವರು ದಾರಿಯುದ್ದಕ್ಕೂ ಡಬ್ಬಿ ಹುಡುಕುವುದರಲ್ಲೇ ಇರುತ್ತಾರೆ.

"ಕೋಡಾಕ್ರೋಮ್ ಸಿಕ್ಕಿದೆ, ತಗೊಳ್ಳಲಾ?" ಅಂತ ಯಾರಾದರೂ ಕೇಳುತ್ತಲೇ ಇರುತ್ತಾರೆ. ಕೋಡಕ್‌ನ ಆ ಹಳೇ ಸ್ಲೈಡ್ ರೀಲಿನ ತಯಾರಿಕೆ 2009ರಲ್ಲೇ ನಿಂತಿತು. ಅದನ್ನು ತೊಳೆಯುತ್ತಿದ್ದ ಅಮೆರಿಕದ ಕೊನೆಯ ಲ್ಯಾಬ್ 2010ರ ಕೊನೆಗೆ ಕೈಬಿಟ್ಟಿತು. ಕೊಂಡರೆ ಶೋಕೇಸಿಗೆ ಇಡಿ. ಅಗ್ಗಕ್ಕೆ ಸಿಗುವ, ಅವಧಿ ಮುಗಿದ ರೀಲೂ ಬೇಡ. ನಮ್ಮ ಸೆಖೆಯಲ್ಲಿ ಅದು ಯಾರ ಬೀರುವಿನಲ್ಲಿ ಎಷ್ಟು ಬೇಸಿಗೆ ಕಳೆದಿದೆಯೋ ಯಾರಿಗೆ ಗೊತ್ತು? ಸಿನಿಮಾ ಫಿಲ್ಮ್ ಕತ್ತರಿಸಿ ಡಬ್ಬಿಗೆ ಸುತ್ತಿ ಮಾರುವುದೂ ಇದೆ. ಅದರ ಬೆನ್ನಿಗೆ ರೆಮ್‌ಜೆಟ್ ಎಂಬ ಕಪ್ಪು ಲೇಪ ಇದ್ದರೆ ಮಾಮೂಲಿ ಲ್ಯಾಬಿಗೆ ಕೊಡಬೇಡಿ. ಮಸಿ ಕಿತ್ತು ಬಂದು, ನಿಮ್ಮದರ ಜೊತೆಗೆ ಬೇರೆಯವರ ರೀಲೂ ಹಾಳು.

3. ಫ್ರಿಜ್ಜಿನಿಂದ ತೆಗೆದ ಮೇಲೆ

ರೀಲನ್ನು ಫ್ರಿಜ್ಜಿನಲ್ಲಿ ಇಡಬೇಕು ಅನ್ನುವುದು ಎಲ್ಲರಿಗೂ ಗೊತ್ತು. ತೆಗೆಯುವುದು ಹೇಗೆ ಅನ್ನುವುದು ನನಗೂ ಗೊತ್ತಿರಲಿಲ್ಲ. ಒಂದು ಜೂನ್ ತಿಂಗಳಲ್ಲಿ ಉಡುಪಿಯ ಲಾಡ್ಜಿನ ಫ್ರಿಜ್ಜಿನಿಂದ ರೀಲು ತೆಗೆದೆ. ಮುಚ್ಚಳ ಬಿಚ್ಚಿದೆ, ಕ್ಯಾಮೆರಾಗೆ ಹಾಕಿದೆ, ಮಲ್ಪೆಗೆ ಓಡಿದೆ. ತೊಳೆಸಿ ನೋಡಿದರೆ ಮೊದಲ ಹತ್ತು ಫ್ರೇಮಿನ ಆಕಾಶದಲ್ಲಿ ಹಪ್ಪಳದ ಗುಳ್ಳೆಗಳಂಥ ಕಲೆ. ತಣ್ಣೀರಿನ ತಂಬಿಗೆ ಬೆವರುತ್ತಲ್ಲ, ಫಿಲ್ಮೂ ಹಾಗೇ ಬೆವರಿತ್ತು.

ಡಬ್ಬಿಯ ಮುಚ್ಚಳ ಬಿಚ್ಚದೆ ಎರಡು ಗಂಟೆ ಹೊರಗಿಡಿ. ಫ್ರೀಜರಿನಲ್ಲಿ ಇದ್ದಿದ್ದಾದರೆ ಹಿಂದಿನ ರಾತ್ರಿಯೇ ತೆಗೆದಿಡಿ. ಏಸಿ ರೂಮಿನಿಂದ ಹೊರಡುವಾಗ ಕ್ಯಾಮೆರಾ ಬ್ಯಾಗನ್ನೂ ಜಿಪ್ ತೆರೆಯದೆ ಅರ್ಧ ಗಂಟೆ ಬಾಲ್ಕನಿಯಲ್ಲಿಡಿ. ತೇವಕ್ಕೆ ಸಿಲಿಕಾ ಜೆಲ್ ಸಾಕು. ಅಕ್ಕಿ ಡಬ್ಬಿಯಲ್ಲಿ ರೀಲು ಹೂತಿಡುವವರನ್ನು ನೋಡಿದ್ದೇನೆ. ಆ ಹಿಟ್ಟಿನ ಧೂಳು ರೀಲಿನ ಬಾಯಿಗೆ ಸೇರಿದರೆ ಫಿಲ್ಮಿನುದ್ದಕ್ಕೂ ಗೀರು. ಕಾರಿನ ಡ್ಯಾಶ್‌ಬೋರ್ಡ್ ಬಗ್ಗೆ ಹೇಳಬೇಕಾಗಿಲ್ಲ ಅಂದುಕೊಂಡಿದ್ದೇನೆ.

4. ವಿಮಾನದಲ್ಲಿ ಹೋಗುವುದಾದರೆ

ಚೆಕ್-ಇನ್ ಲಗೇಜಿಗೆ ಹಾಕಬೇಡಿ. ಪಾರದರ್ಶಕ ಕವರಿನಲ್ಲಿ ರೀಲುಗಳನ್ನು ಕೈಯಲ್ಲೇ ಇಟ್ಟುಕೊಂಡು, ಎಕ್ಸ್‌ರೇ ಮಷಿನ್ನಿಗೆ ಹಾಕದೆ ಕೈಯಲ್ಲೇ ನೋಡಿ ಅಂತ ನಯವಾಗಿ ಕೇಳಿ. ಹೊಸ ಸಿಟಿ ಸ್ಕ್ಯಾನರ್ ಆದರೆ ಒಂದೇ ಸಲಕ್ಕೂ ಫಿಲ್ಮ್ ಮಬ್ಬಾಗಬಹುದು.

5. ತೊಳೆಸುವುದು

ತಡಮಾಡಬೇಡಿ. ತೆಗೆದ ಚಿತ್ರ ಸೆಖೆಯಲ್ಲಿ ಕೂತಷ್ಟೂ ಬಣ್ಣ ವಾಲುತ್ತದೆ. ಕಲರ್ ನೆಗೆಟಿವ್ ತೊಳೆಯುವ ದ್ರಾವಣ ಸುಮಾರು 38 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಲುಗದೆ ನಿಂತಿರಬೇಕು. ರೀಲು ಕೊಡುವಾಗ ವಾರಕ್ಕೆ ಎಷ್ಟು ರೋಲ್ ತೊಳೀತೀರಿ ಅಂತ ಕೇಳಿ. ತಿಂಗಳಿಗೆ ನಾಲ್ಕು ಅಂದರೆ ದ್ರಾವಣ ಹಳಸಿರುತ್ತೆ, ನಮಸ್ಕಾರ ಹೇಳಿ ಎದ್ದು ಬನ್ನಿ. ನೆಗೆಟಿವ್ ವಾಪಸ್ ಬೇಕು ಅಂತ ಬಿಲ್ಲಿನ ಮೇಲೆ ಬರೆಸಿ. ನಾನು ಒಮ್ಮೆ ಬರೆಸಿರಲಿಲ್ಲ. ಹದಿನೈದು ದಿನ ಬಿಟ್ಟು ಕೇಳಲು ಹೋದರೆ ಕೌಂಟರಿನ ಹುಡುಗ ಕಸದ ಬುಟ್ಟಿ ಕಡೆ ಕೈ ತೋರಿಸಿ, "ಸ್ಕ್ಯಾನ್ ಕಳ್ಸಿದೀವಲ್ಲಾ ಸಾರ್" ಅಂದ.