ಆರನೇ ತರಗತಿಯ ಪ್ರವೇಶ ಪರೀಕ್ಷೆ: ಕನ್ನಡದ ಮೂಲಕವೇ ಇಂಗ್ಲಿಷ್ ವ್ಯಾಕರಣ ಹೇಳಿಕೊಡಿ

ಮಗು ಐದನೇ ತರಗತಿಗೆ ಬಂತು ಅಂದರೆ ಸಾಕು, ಮೊರಾರ್ಜಿ ಬರೆಸೋಣವಾ, ಆದರ್ಶ ಬರೆಸೋಣವಾ, ನವೋದಯಕ್ಕೂ ಒಂದು ಅರ್ಜಿ ಹಾಕೋಣವಾ ಅಂತ ಮನೆಯಲ್ಲಿ ಮಾತು ಶುರು. ಜೊತೆಗೇ ಒಂದು ಭಯ. ನಮ್ಮದು ಕನ್ನಡ ಮೀಡಿಯಂ, ಇಂಗ್ಲಿಷ್ ಹೇಗೋ ಏನೋ ಅಂತ. ಅಷ್ಟು ಹೆದರಬೇಕಿಲ್ಲ. ಕನ್ನಡ ಚೆನ್ನಾಗಿ ಬರುವ ಮಗುವಿಗೆ ವ್ಯಾಕರಣ ಆಗಲೇ ಗೊತ್ತಿರುತ್ತದೆ, ಇಂಗ್ಲಿಷ್ ಎಲ್ಲಿ ಬೇರೆ ದಾರಿ ಹಿಡಿಯುತ್ತದೆ ಅಂತ ತೋರಿಸಿದರೆ ಸಾಕು.

ಮೊದಲು ಒಂದು ವಿಷಯ ನೋಡಿಕೊಳ್ಳಿ: ನೀವು ಬರೆಸುವ ಪರೀಕ್ಷೆಯಲ್ಲಿ ಇಂಗ್ಲಿಷ್ ಇದೆಯಾ? ನವೋದಯದ ಆರನೇ ತರಗತಿ ಪರೀಕ್ಷೆಯಲ್ಲಿ 80 ಪ್ರಶ್ನೆ, 100 ಅಂಕ, 2 ಗಂಟೆ. ಅದನ್ನು ಪೂರ್ತಿ ಕನ್ನಡದಲ್ಲೇ ಬರೆಯಬಹುದು. ಭಾಷೆಯ 20 ಪ್ರಶ್ನೆಗಳೂ ಕನ್ನಡದ ಗದ್ಯಭಾಗಗಳ ಮೇಲೆಯೇ ಇರುತ್ತವೆ. ವಿಜಯಪುರ, ಕೊಡಗಿನ ಸೈನಿಕ ಶಾಲೆಗಳ ಪರೀಕ್ಷೆಯೂ ಆರನೇ ತರಗತಿಗೆ ಕನ್ನಡದಲ್ಲಿದೆ, ಒಂಬತ್ತನೇ ತರಗತಿಗೆ ಮಾತ್ರ ಇಂಗ್ಲಿಷೇ. ಮೊರಾರ್ಜಿ ದೇಸಾಯಿ ಮತ್ತಿತರ ವಸತಿ ಶಾಲೆಗಳಿಗೆ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ನಡೆಸುವ ಪರೀಕ್ಷೆ ಮತ್ತು ಆದರ್ಶ ವಿದ್ಯಾಲಯದ ಪರೀಕ್ಷೆಯಲ್ಲಿ ಇಂಗ್ಲಿಷ್ ಪ್ರಶ್ನೆಗಳೂ ಬರುತ್ತವೆ. ಹಾಗಾಗಿ ಈ ವರ್ಷದ ಅಧಿಸೂಚನೆ ಓದಿ, ಆಮೇಲೆ ಪುಸ್ತಕ ತೆಗೆಯಿರಿ. ನವೋದಯ ಒಂದನ್ನೇ ಬರೆಯುವ ಮಗುವಿಗೆ ಇಂಗ್ಲಿಷ್ ವ್ಯಾಕರಣ ತುರುಕಿ ಗಣಿತದ ಸಮಯ ತಿನ್ನುವುದು ಸರಿಯಲ್ಲ ಅಲ್ವಾ?

ಇಂಗ್ಲಿಷ್ ಇದೆ ಅಂತಾದರೆ, ಕ್ರಿಯಾಪದದ ಜಾಗದಿಂದ ಶುರುಮಾಡಿ. 'ರವಿ ಮಾವಿನಹಣ್ಣು ತಿಂದ' ಅನ್ನುವಾಗ ಕ್ರಿಯೆ ಕೊನೆಗೆ ಬರುತ್ತದೆ. 'ರವಿ ಏಟ್ ಎ ಮ್ಯಾಂಗೋ' ಅನ್ನುವಾಗ ಅದು ರವಿಯ ಪಕ್ಕಕ್ಕೇ ಬಂತು. ಇಂಥ ವಾಕ್ಯಗಳ ಪದಗಳನ್ನು ಚೀಟಿಗಳ ಮೇಲೆ ಬರೆದು ನೆಲದ ಮೇಲೆ ಹರಡಿ, ಮಗುವಿನ ಕೈಯಲ್ಲೇ ಜೋಡಿಸಿ. ಪದಗಳನ್ನು ಸರಿಯಾದ ಕ್ರಮದಲ್ಲಿ ಬರೆಯಿರಿ ಅನ್ನೋ ಪ್ರಶ್ನೆಗೂ ಇದೇ ಅಭ್ಯಾಸ.

ಮುಂದಿನದು ಆಮ್, ಈಸ್, ಆರ್. 'ಅವಳು ನನ್ನ ಅಕ್ಕ' ಅನ್ನೋದರಲ್ಲಿ ಕ್ರಿಯಾಪದವೇ ಇಲ್ಲ. ಅದಕ್ಕೇ ನಮ್ಮ ಮಕ್ಕಳು 'ಶೀ ಮೈ ಸಿಸ್ಟರ್' ಅಂತ ಬರೆದುಬಿಡುತ್ತಾರೆ. ಅದು ದಡ್ಡತನ ಅಲ್ಲ, ಕನ್ನಡದ ಲೆಕ್ಕದಲ್ಲಿ ಅದು ಸರಿಯಾಗಿಯೇ ಇದೆ. ಇಂಗ್ಲಿಷ್‌ನಲ್ಲಿ ಮಾತ್ರ ಕ್ರಿಯಾಪದ ಇಲ್ಲದೆ ವಾಕ್ಯ ಮುಗಿಯಲ್ಲ ಅಂತ ಹೇಳಿ, ಇಂಥ ಹತ್ತು ಕನ್ನಡ ವಾಕ್ಯ ಕೊಟ್ಟು ಬರೆಸಿ.

ಆಮೇಲೆ ಕ್ರಿಯಾಪದದ ಕೊನೆಯ 'ಎಸ್'. ಕನ್ನಡದಲ್ಲಿ ಹೋಗುತ್ತೇನೆ, ಹೋಗುತ್ತೀಯ, ಹೋಗುತ್ತಾನೆ, ಹೋಗುತ್ತಾಳೆ, ಹೋಗುತ್ತದೆ, ಹೋಗುತ್ತಾರೆ ಅಂತ ಪ್ರತಿಯೊಬ್ಬರಿಗೂ ರೂಪ ಬದಲಾಗುತ್ತದೆ, ಮಗು ಇದನ್ನೆಲ್ಲ ಒಮ್ಮೆಯೂ ತಪ್ಪಿಲ್ಲದೆ ಮಾತಾಡುತ್ತದೆ. ಇಂಗ್ಲಿಷ್‌ನಲ್ಲಿ ಹೀ, ಶೀ, ಇಟ್‌ಗೆ ಮಾತ್ರ 'ಗೋಸ್', ಉಳಿದವರಿಗೆಲ್ಲ 'ಗೋ'. ಇದನ್ನು ಹಾಗೇ ಮಗುವಿಗೆ ಹೇಳಿ, ಧೈರ್ಯ ಬರುತ್ತದೆ. ಒಂದು ಕಡೆ ಎಚ್ಚರ ಬೇಕು: 'ದಿ ಬಾಯ್ ಪ್ಲೇಸ್', ಆದರೆ 'ದಿ ಬಾಯ್ಸ್ ಪ್ಲೇ'. ಎಸ್ ನಾಮಪದಕ್ಕೆ ಹೋದರೆ ಕ್ರಿಯಾಪದಕ್ಕೆ ಇಲ್ಲ. ಖಾಲಿ ಜಾಗ ತುಂಬುವ ಪ್ರಶ್ನೆಗಳು ಇಲ್ಲಿಂದಲೇ ಜಾಸ್ತಿ ಹುಟ್ಟುತ್ತವೆ.

'ಎ' (a) ಮತ್ತು 'ಆನ್' (an) ವಿಷಯದಲ್ಲಿ ನಮಗೆ ದೊಡ್ಡ ಅನುಕೂಲ ಇದೆ, ನಮ್ಮ ಲಿಪಿ. ಪದವನ್ನು ಕನ್ನಡದಲ್ಲಿ ಬರೆದು ನೋಡಿ. ಸ್ವರದಿಂದ ಶುರುವಾದರೆ 'ಆನ್', ವ್ಯಂಜನದಿಂದ ಶುರುವಾದರೆ 'ಎ'. ಅಂಬ್ರೆಲಾ, ಆರೆಂಜ್ ಸ್ವರ, ಆದ್ದರಿಂದ ಆನ್. ಗಂಟೆ ಅನ್ನೋ ಅರ್ಥದ 'ಅವರ್' ಇಂಗ್ಲಿಷ್‌ನಲ್ಲಿ ಎಚ್‌ನಿಂದ ಶುರುವಾದರೂ ನಮ್ಮ ಬರಹದಲ್ಲಿ 'ಅ', ಹಾಗಾಗಿ 'ಆನ್ ಅವರ್'. ಯೂನಿಫಾರ್ಮ್‌ಗೆ ಅಲ್ಲಿ 'ಯು' ಇದ್ದರೂ ನಮಗದು 'ಯ' ಕಾರ, 'ಎ ಯೂನಿಫಾರ್ಮ್'. ಎಂಎಲ್ಎ ಅನ್ನೋದಕ್ಕೂ ಇದೇ ಲೆಕ್ಕ, 'ಆನ್ ಎಂಎಲ್ಎ'. 'ಸ್ವರ ಅಕ್ಷರಕ್ಕೆ ಆನ್' ಅಂತ ಸುಮ್ನೆ ಬಾಯಿಪಾಠ ಮಾಡಿದ ಮಗು ಎಡವುವ ಕಡೆಯೆಲ್ಲ ಕನ್ನಡದ ಮಗು ದಾಟಿಬಿಡುತ್ತದೆ. ಆದರೆ ಉಚ್ಚಾರ ಸರಿ ಇರಬೇಕು. ನಾವು ಮೊಟ್ಟೆಗೆ 'ಯೆಗ್' ಅನ್ನುವುದುಂಟು, ಅದು 'ಎಗ್', 'ಆನ್ ಎಗ್'. ಒಂದು ಅನ್ನೋದಕ್ಕೆ 'ಒನ್' ಅಂತ ಬರೆಯುತ್ತೇವೆ, ಉಚ್ಚಾರ 'ವನ್', ಅದಕ್ಕೆ 'ಎ ವನ್ ರುಪೀ ಕಾಯಿನ್'.

ವಿಭಕ್ತಿಗೆ ಬನ್ನಿ. ನಮ್ಮ 'ಅಲ್ಲಿ', 'ಗೆ', 'ಮೇಲೆ' ಪದ ಆದಮೇಲೆ ಬರುತ್ತವೆ, ಇಂಗ್ಲಿಷ್‌ನಲ್ಲಿ ಅವು ಪದಕ್ಕಿಂತ ಮೊದಲೇ ಬರುತ್ತವೆ: 'ಮೇಜಿನ ಮೇಲೆ', 'ಆನ್ (on) ದಿ ಟೇಬಲ್'. ಪರೀಕ್ಷೆಯಲ್ಲಿ ಜಾಸ್ತಿ ಬರೋದು ಸಮಯಕ್ಕೆ ಸಂಬಂಧಿಸಿದ್ದು. ತಿಂಗಳು, ವರ್ಷಕ್ಕೆ 'ಇನ್'; ವಾರದ ದಿನ, ತಾರೀಖಿಗೆ 'ಆನ್' (on); ಗಂಟೆಗೆ 'ಆ್ಯಟ್'. 'ಐದು ಗಂಟೆಗೆ' ಅಂತ ಇದೆಯಲ್ಲ ಅಂತ 'ಟು ಫೈವ್' ಬರೆಯಬಾರದು.

ಕಾಲಕ್ಕೆ ಬಂದರೆ ಗೋ-ವೆಂಟ್, ಈಟ್-ಏಟ್, ಸೀ-ಸಾ ಥರದವನ್ನು ದಿನಕ್ಕೆ ಐದರಂತೆ ಕಲಿಸಿ, ಒಂದೊಂದನ್ನೂ ವಾಕ್ಯದಲ್ಲಿಟ್ಟು. 'ಡಿಡ್' ಬಂದ ಕಡೆ ಮೂಲ ರೂಪವೇ ಬರಬೇಕು: 'ಡಿಡ್ ನಾಟ್ ಗೋ', 'ಡಿಡ್ ನಾಟ್ ವೆಂಟ್' ಅಲ್ಲ. ಯೆಸ್ಟರ್‌ಡೇ, ಎವ್ರಿ ಡೇ, ಟುಮಾರೋ ಥರದ ಪದ ಕಂಡರೆ ಅದರ ಕೆಳಗೆ ಗೆರೆ ಎಳೆಯುವ ಅಭ್ಯಾಸ ಮಾಡಿಸಿ, ಅರ್ಧ ಉತ್ತರ ಅಲ್ಲೇ ಇರುತ್ತದೆ.

ಇಷ್ಟಕ್ಕೆ ಕೋಚಿಂಗ್ ಬೇಕೇ ಬೇಕು ಅಂತ ನನಗನ್ನಿಸುವುದಿಲ್ಲ. ನಾಲ್ಕು, ಐದನೇ ತರಗತಿಯ ಸರ್ಕಾರಿ ಇಂಗ್ಲಿಷ್ ಪುಸ್ತಕ, ಹಳೆಯ ಪ್ರಶ್ನೆಪತ್ರಿಕೆಗಳು, ದಿನಕ್ಕೆ ಅರ್ಧ ಗಂಟೆ ಸಾಕು. ತಪ್ಪಾದ ವಾಕ್ಯಗಳಿಗೇ ಒಂದು ನೋಟ್‌ಬುಕ್ ಇಡಿ. ಭಾನುವಾರ ಹೊಸದೇನೂ ಬೇಡ, ಅದನ್ನೇ ಮತ್ತೆ ಮಾಡಿಸಿ.

ಪರೀಕ್ಷೆಗೆ ಒಂದು ತಿಂಗಳು ಇರುವಾಗ ಓಎಂಆರ್ ಹಾಳೆ, ಅಂದರೆ ಉತ್ತರದ ವೃತ್ತಕ್ಕೆ ಶಾಯಿ ತುಂಬುವ ಹಾಳೆ, ಕೈಗೆ ಕೊಡಿ. ಉತ್ತರ ಗೊತ್ತಿದ್ದೂ ಪ್ರಶ್ನೆ ಸಂಖ್ಯೆ ಒಂದು ಸಾಲು ತಪ್ಪಿದರೆ ಮುಂದಿನದ್ದೆಲ್ಲ ಹೋಗುತ್ತದೆ, ಪೆನ್ನಿನಲ್ಲಿ ತುಂಬಿದ ಮೇಲೆ ಅಳಿಸುವ ಹಾಗಿಲ್ಲ. ಐದು ಪ್ರಶ್ನೆಗೊಮ್ಮೆ ಸಂಖ್ಯೆ ತಾಳೆ ನೋಡಲಿ. ನವೋದಯ, ಸೈನಿಕ ಶಾಲೆ ಪರೀಕ್ಷೆಗಳಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಅಲ್ಲಿ ಒಂದನ್ನೂ ಖಾಲಿ ಬಿಡಬಾರದು. ಬೇರೆ ಪರೀಕ್ಷೆಯಾದರೆ ಪ್ರಶ್ನೆಪತ್ರಿಕೆಯ ಮೊದಲ ಪುಟದ ಸೂಚನೆ ಓದಿ, ಆಮೇಲೆ ಪೆನ್ನು ಹಿಡಿಯಲಿ.